ಕೊಳದಕ್ಕ ಬರೆದ ಎರಡು ಸಾಲು

ಊರಿನವರಿಗೆಲ್ಲ ಅವಳು ಕೊಳದಕ್ಕ. ನಗರಸಭೆಯ ವ್ಯಾಯಾಮ ಕೇಂದ್ರದ ಈಜುಕೊಳ ನೋಡಿಕೊಳ್ಳುವ ಕೆಲಸಕ್ಕೆ ಸೇರಿ ಹತ್ತೊಂಬತ್ತು ವರ್ಷವಾಗಿತ್ತು. ಬೆಳಗ್ಗೆ ಬಾಗಿಲು ತೆಗೆದ ಕೂಡಲೇ ಗಾಜಿನ ನಳಿಗೆಯಲ್ಲಿ ನೀರು ಹಿಡಿದು, ಎರಡು ಹನಿ ಔಷಧ ಬಿಟ್ಟು, ಬೆಳಕಿಗೆ ಎತ್ತಿ ನೋಡುವಳು. ತಿಳಿಹಳದಿ ಬಂದರೆ ಕ್ಲೋರಿನ್ ಸರಿಯಿದೆ ಎಂದರ್ಥ. ಆಮೇಲೆ ಉದ್ದ ಕೋಲಿನ ಬಲೆ ಹಿಡಿದು ಎಲೆ, ಹುಳ ಎತ್ತುವುದು, ಬಟ್ಟೆ ಬದಲಿಸುವ ಕೋಣೆ ತೊಳೆಯುವುದು. ಕೆಲಸಕ್ಕೆ ಸೇರಿದಾಗ ಅವಳಿಗೆ ಈಜೇ ಬರುತ್ತಿರಲಿಲ್ಲ. ಮೂವತ್ತೆರಡನೆಯ ವಯಸ್ಸಿನಲ್ಲಿ, ಕೇಂದ್ರ ಖಾಲಿ ಇರುವ ಮಧ್ಯಾಹ್ನಗಳಲ್ಲಿ, ಮೂಗಿಗೆ ಬಾಯಿಗೆ ನೀರು ಹೋಗಿ ಕೆಮ್ಮಿ ಕೆಮ್ಮಿ ಕಲಿತವಳು.

ಏಳು ಗಂಟೆಗೆ ಬರುವ ಹನ್ನೊಂದು ಜನಕ್ಕೆ 'ಆಮೆ ಬ್ಯಾಚು' ಎಂದು ಹೆಸರು. ಇಟ್ಟವರು ಅದೇ ಗುಂಪಿನ ಗಣಿತದ ಮೇಷ್ಟ್ರು. ಎರಡೂ ಮಂಡಿ ಸವೆದು ನಿವೃತ್ತರಾಗಿದ್ದವರು. ಈ ಗುಂಪಿನಲ್ಲಿ ಯಾರೂ ಈಜುತ್ತಿರಲಿಲ್ಲ, ಸೊಂಟದಷ್ಟು ನೀರಿನಲ್ಲಿ ನಡೆಯುತ್ತಿದ್ದರು, ಅಷ್ಟೇ. ಪಾರ್ಶ್ವವಾಯು ಹೊಡೆದು ಎಡಗಾಲು ಸೋತಿದ್ದ ಬಸ್ ಡ್ರೈವರಿಗೆ ನೆಲದ ಮೇಲೆ ಹೆಂಡತಿಯ ಹೆಗಲಿಲ್ಲದೆ ಹೆಜ್ಜೆ ಬಾರದು. ನೀರಿಗಿಳಿದರೆ ಮಾತ್ರ "ರೈಟ್, ರೈಟ್" ಎಂದು ತಮಗೆ ತಾವೇ ಹೇಳಿಕೊಂಡು ಈ ಗೋಡೆಯಿಂದ ಆ ಗೋಡೆಗೆ ಒಬ್ಬರೇ ಹೋಗಿ ಬರುವರು.

"ಮೂವತ್ತು ವರ್ಷ ಗಾಡಿ ಓಡಿಸಿದೀನಿ, ಇಷ್ಟು ಖಾಲಿ ರಸ್ತೆ ನೋಡಿಲ್ಲಮ್ಮ," ಎನ್ನುತ್ತಿದ್ದರು.

ಆ ಗುಂಪಿನಲ್ಲಿ ಕೊಳದಕ್ಕನ ನಾದಿನಿಯೂ ಇದ್ದಳು. ಗಂಡ ತೀರಿಕೊಂಡ ಮೇಲೆ ಎರಡು ವರ್ಷ ಗೋಡೆಗೆ ಮುಖ ಮಾಡಿ ಮಲಗಿದ್ದವಳು. ತಲೆ ಬಾಚಿಕೊಳ್ಳುವುದಕ್ಕೂ ಬೇಡಬೇಕಿತ್ತು. ಒಂದು ಬೆಳಗ್ಗೆ ಕೊಳದಕ್ಕ ಅವಳನ್ನು ಹೆಚ್ಚುಕಡಿಮೆ ಎಳೆದುಕೊಂಡೇ ಬಂದು ನೀರಿಗಿಳಿಸಿದಳು. ನಾದಿನಿ ಅಲ್ಲಿಯೇ ಬಿಕ್ಕಿ ಬಿಕ್ಕಿ ಅತ್ತಳು. ಪಕ್ಕದಲ್ಲಿದ್ದವರು ಕಂಡೂ ಕಾಣದಂತೆ ನಡೆಯುತ್ತಲೇ ಇದ್ದರು. ಮರುದಿನ ಅವಳೇ ಟವೆಲ್ ಮಡಚಿ ಇಟ್ಟುಕೊಂಡು ಕಾಯುತ್ತಿದ್ದಳು.

ಒಂದು ಮಂಗಳವಾರ ಬಲೆ ತೊಳೆದ ಒದ್ದೆ ಕೈಯಲ್ಲಿ ಕೊಳದಕ್ಕ ಏಣಿಯ ಸ್ಟೀಲ್ ಕಂಬಿ ಹಿಡಿದಳು. ಅಂಗೈಯಲ್ಲಿ ಇರುವೆ ಹರಿದ ಹಾಗಾಯಿತು. ಬಿಟ್ಟು ಮತ್ತೆ ಮುಟ್ಟಿದಳು. ಮತ್ತೆ ಅದೇ. ಕೊಳದಲ್ಲಿ ಹನ್ನೊಂದು ಜನ! ಓಡಿ ಹೋಗಿ ಪಂಪಿನ ಮೇನ್ ಸ್ವಿಚ್ ಆರಿಸಿ, ಏಣಿ ಮುಟ್ಟಬೇಡಿ ಎಂದು ಕೂಗುತ್ತ, ಆಚೆ ಬದಿಯ ಮೆಟ್ಟಿಲಿನಿಂದ ಎಲ್ಲರನ್ನೂ ಹತ್ತಿಸಿದಳು.

"ಚಳಿಗೆ ಕೈ ಜುಮ್ಮೆಂದಿರುತ್ತೆ ಬಿಡಿ," ಎಂದರು ಕೇಂದ್ರದ ಮ್ಯಾನೇಜರು. "ಬರೆದರೆ ಮೇಲಿನವರು ಬೀಗ ಹಾಕ್ತಾರೆ. ನಾನು ಯಾರನ್ನಾದ್ರೂ ಕರೆಸಿ ತೋರಿಸ್ತೀನಿ."

"ಯಾವತ್ತು ಕರೆಸ್ತೀರಿ?"

ಮ್ಯಾನೇಜರು ಗಡಿಯಾರ ನೋಡಿಕೊಂಡರು. ಅವಳು ಕೊಳದ ದಿನಚರಿ ಪುಸ್ತಕ ತೆಗೆದು ಎರಡೇ ಸಾಲು ಬರೆದಳು: ಏಣಿಯಲ್ಲಿ ಕರೆಂಟು ಬರುತ್ತಿದೆ. ಪರೀಕ್ಷೆ ಆಗುವವರೆಗೆ ಯಾರನ್ನೂ ಇಳಿಸುವುದಿಲ್ಲ.

ನಗರಸಭೆಯ ಎಂಜಿನಿಯರು ಬಂದು ಮೀಟರು ಇಟ್ಟು ನೋಡಿ ಬೆವರು ಒರೆಸಿಕೊಂಡರು. ನೆಲದಡಿಯ ತಂತಿಗಳು ಕೊಳೆತು ಹೋಗಿದ್ದವು. ಕೊಳದ ಗೇಟಿಗೆ ಬೀಗ ಬಿತ್ತು. ಮೂರು ತಿಂಗಳ ದುರಸ್ತಿ ಎಂದು ಫಲಕದಲ್ಲಿ ಬರೆದರು. ನೀರು ಖಾಲಿಯಾದ ಕೊಳ ನೋಡಿದರೆ ಅವಳಿಗೆ ಹಲ್ಲುದುರಿದ ಬಾಯಿಯಂತೆ ಕಾಣುತ್ತಿತ್ತು. ಅವಳನ್ನು ಕೇಂದ್ರದ ಮುಂಬಾಗಿಲ ಕೌಂಟರಿನಲ್ಲಿ ಕೂರಿಸಿದರು.

ಮೂರು ತಿಂಗಳು ಐದಾಯಿತು. ಮೇಷ್ಟ್ರು ಮಹಡಿಯಿಂದ ಇಳಿಯುವುದನ್ನು ಬಿಟ್ಟರು. ನಾದಿನಿ ಮೊದಲು ಸಂಜೆ ಮಲಗತೊಡಗಿದಳು, ಆಮೇಲೆ ಬೆಳಗ್ಗೆಯೂ ಏಳಲಿಲ್ಲ. ಕೊಳದಕ್ಕ ಕರೆಯಲು ಹೋದರೆ ಕಣ್ಣೂ ತೆರೆಯದೆ, "ಎಲ್ಲಿಗೆ ಬರಲಿ ಅತ್ತಿಗೆ?" ಎಂದಳು.

ಆರನೇ ತಿಂಗಳಲ್ಲಿ ಡ್ರೈವರು ಬಚ್ಚಲುಮನೆಯಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಹಾಸಿಗೆ ಹಿಡಿದವರಿಗೆ ಎದೆಯಲ್ಲಿ ಕಫ ಕಟ್ಟಿತು. ಇಪ್ಪತ್ತು ದಿನಕ್ಕೆ ಹೋಗಿಬಿಟ್ಟರು. ಕೊಳದಕ್ಕ ಮನೆಗೆ ಹೋದಾಗ ಅವರ ಹೆಂಡತಿ ಹೊಸ್ತಿಲಲ್ಲೇ ತಡೆದಳು.

"ನೀನು ಬರೀದೇ ಇದ್ದಿದ್ರೆ ಏನು ಗಂಟು ಹೋಗ್ತಿತ್ತು? ದಿನಾ ನಡೀತಿದ್ರು. ನಡೀತಿದ್ದ ಮನುಷ್ಯನ್ನ ಮಲಗಿಸಿಬಿಟ್ಟೆಯಲ್ಲ!"

ಕೊಳದಕ್ಕ ಹೊಸ್ತಿಲಿನಿಂದಲೇ ಹಿಂದಿರುಗಿದಳು. ಮನೆಗೆ ಬಂದು ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಗಂಡನ ಬಳಿ ಹೇಳಿಕೊಂಡಳು. ದರ್ಜಿ ಪೆಡಲು ನಿಲ್ಲಿಸಿದ.

"ಅಂಗಿ ಹರಿದಿದೆ ಅಂತ ಹೇಳಿದವಳೇ ಹರಿದವಳಾದಳಾ?"

"ಹರಿದವರು ಯಾರಾದ್ರೂ ಇರಲಿ, ಈಗ ಎಲ್ಲರೂ ಬರಿಮೈಯಲ್ಲಿ ನಿಂತಿದಾರಲ್ಲ," ಎಂದಳು ಅವಳು.

ಬರೆದದ್ದು ತಪ್ಪೆಂದು ಅವಳಿಗೆ ಒಮ್ಮೆಯೂ ಅನಿಸಲಿಲ್ಲ. ಆದರೆ ಸರಿ ಮಾಡಿದೆನೆಂಬ ಸಮಾಧಾನವೂ ಹತ್ತಿರ ಸುಳಿಯಲಿಲ್ಲ. ಕೌಂಟರಿನಲ್ಲಿ ಕೂತು ಹಾಳೆಯ ಮೇಲೆ ಹನ್ನೊಂದು ಜನರ ಹೆಸರು ಬರೆಯುವಳು, ಒಂದನ್ನು ಹೊಡೆದುಹಾಕುವಳು, ಆ ಹಾಳೆಯನ್ನೇ ಹರಿಯುವಳು.

ಕೇಂದ್ರದ ಮೇಲಂತಸ್ತಿನ ಟೇಬಲ್ ಟೆನ್ನಿಸ್ ಹಾಲ್ ಬೆಳಗ್ಗೆ ಖಾಲಿಯಿರುತ್ತಿತ್ತು. ಆಮೆ ಬ್ಯಾಚಿನ ವ್ಯಾಯಾಮಕ್ಕೆ ಅದನ್ನು ಕೊಡಿ ಎಂದು ಕೇಳಿದಳು. ಮೆಟ್ಟಿಲು ಹತ್ತಲಾರದವರಿಗೆ ಮೇಲಂತಸ್ತು ಏಕೆ ಎಂದರು ಮ್ಯಾನೇಜರು. ಹಾಗಾದರೆ ಕೆಳಗಿನ ಮೊಗಸಾಲೆ ಕೊಡಿ ಎಂದಳು. ಆದೇಶ ಬೇಕು ಎಂದರು. ಸರ್ಕಾರಿ ಆಸ್ಪತ್ರೆಯ ಡಾಕ್ಟರಮ್ಮನಿಂದ ಇವರಿಗೆಲ್ಲ ವ್ಯಾಯಾಮ ಬೇಕೆಂದು ಚೀಟಿ ಬರೆಸಿಕೊಂಡು, ನಗರಸಭೆಯ ಮೆಟ್ಟಿಲನ್ನು ಒಂಬತ್ತು ಸಲ ಹತ್ತಿಳಿದಳು. ಕೊನೆಗೆ ಗುಮಾಸ್ತ, "ಈ ಅಮ್ಮನ ಕಾಟ ತಪ್ಪಿದರೆ ಸಾಕು," ಎಂದು ನಗುತ್ತಲೇ ಸಹಿ ಹಾಕಿಸಿಕೊಟ್ಟ.

ಮೊಗಸಾಲೆಯಲ್ಲಿ ಕುರ್ಚಿ ಹಾಕಿ, ಕೂತಲ್ಲೇ ಕೈಕಾಲು ಆಡಿಸುವ ಕ್ರಮ ಹೇಳಿಕೊಟ್ಟಳು. ಮೊದಲ ದಿನ ನಾಲ್ಕು ಜನ ಬಂದರು. ಮೇಷ್ಟ್ರನ್ನು ಸೊಸೆ ಕರೆತಂದಿದ್ದಳು. "ಆಮೆಗಳು ದಡಕ್ಕೆ ಬಂದವು," ಎಂದರು ಅವರು. ಯಾರೂ ನಗಲಿಲ್ಲ. ನೀರಿನಲ್ಲಿ ಹಗುರವಾಗುತ್ತಿದ್ದ ಕಾಲು ಇಲ್ಲಿ ಕಲ್ಲಿನಂತಿತ್ತು. ಹತ್ತು ನಿಮಿಷಕ್ಕೆ ಎಲ್ಲರೂ ಏದುಸಿರು ಬಿಟ್ಟರು. ಆದರೂ ಮುಗಿದ ಮೇಲೆ ಅರ್ಧ ಗಂಟೆ ಅಲ್ಲಿಯೇ ಕೂತು ಮಾತಾಡಿದರು.

ಮೂರನೇ ವಾರ ಡ್ರೈವರ ಹೆಂಡತಿ ಬಂದಳು. ಬಾಗಿಲ ಹತ್ತಿರದ ಕುರ್ಚಿಯಲ್ಲಿ, ಯಾರ ಮುಖವನ್ನೂ ನೋಡದೆ ಕೂತಳು. ಕೈ ಎತ್ತಿ ಎಂದಾಗ ಎತ್ತಿದಳು. ಹೋಗುವಾಗ ಕೊಳದಕ್ಕನ ಮುಂದೆ ನಿಂತಳು.

"ನಿನ್ನ ಮೇಲಿನ ಸಿಟ್ಟು ಹೋಗಿಲ್ಲ."

"ಗೊತ್ತು."

"ಮನೇಲಿ ಒಬ್ಬಳೇ ಕೂರೋಕಾಗ್ತಿಲ್ಲ."

"ನಾಳೆನೂ ಏಳಕ್ಕೇ," ಎಂದಳು ಕೊಳದಕ್ಕ.

ಕೊಳಕ್ಕೆ ಬೀಗ ಬಿದ್ದು ವರ್ಷ ಕಳೆದರೂ ತೆರೆಯಲಿಲ್ಲ. ಫಲಕದ ಮೇಲಿನ 'ಮೂರು' ಬಿಸಿಲಿಗೆ ಮಾಸಿಹೋಗಿತ್ತು. ನಾದಿನಿ ಮೊಗಸಾಲೆಗೆ ಒಂದು ವಾರ ಬಂದಳು. ಮತ್ತೆ ನಿಂತಳು. ಕೊಳದಕ್ಕ ಹೋಗಿ ಎಬ್ಬಿಸಿದಳು, ಎರಡು ದಿನ ಬಂದಳು, ಮತ್ತೆ ನಿಂತಳು. ಈ ಸಲ ಕರೆಯಲು ಹೊರಟಾಗ ಡ್ರೈವರ ಹೆಂಡತಿ ಕುರ್ಚಿಯಿಂದೆದ್ದಳು.

"ನೀನು ಇವರನ್ನ ನೋಡ್ಕೋ. ಅವಳ ಮನೆ ಯಾವುದು, ಹೇಳು. ನಾನು ಹೋಗಿ ಬರ್ತೀನಿ."

ಕೊಳದಕ್ಕ ಗೇಟಿನ ತನಕ ಹೋಗಿ ದಾರಿ ತೋರಿಸಿದಳು. ಆ ದಿನ ವ್ಯಾಯಾಮ ಮುಗಿಯುವವರೆಗೂ ಅವರಿಬ್ಬರೂ ಬರಲಿಲ್ಲ. ಮಧ್ಯಾಹ್ನ ಅವಳು ನಾದಿನಿಯ ಮನೆಗೆ ಹೋಗಿ ಇಣುಕಿದಾಗ ನಾದಿನಿ ಮಲಗಿಯೇ ಇದ್ದಳು. ಡ್ರೈವರ ಹೆಂಡತಿ ತಲೆದಿಂಬಿನ ಬಳಿ ಕೂತು ಅವಳ ಸಿಕ್ಕುಗಟ್ಟಿದ ಕೂದಲನ್ನು ಎಳೆ ಎಳೆಯಾಗಿ ಬಿಡಿಸುತ್ತಿದ್ದಳು.