ಈಟಿ ಮೊದಲು ಮರಿಗೆ

ಫಿನೇಯಾಸಿಗೆ ಅಪ್ಪ ಕಲಿಸಿದ್ದು ಒಂದೇ ವಿದ್ಯೆ: ಈಟಿ ಮೊದಲು ಮರಿಗೆ, ಅದೂ ಸಾಯದ ಹಾಗೆ. ಮರಿ ನರಳುತ್ತಿದ್ದರೆ ತಾಯಿ ತಿಮಿಂಗಿಲ ಅಲ್ಲಿಂದ ಕದಲುವುದಿಲ್ಲ. ಆಮೇಲೆ ಅದನ್ನು ಹೊಡೆಯುವುದು ಸುಲಭ. ಟೋಂಗಾದ ಆ ಪುಟ್ಟ ದ್ವೀಪದಲ್ಲಿ ಎಲ್ಲರೂ ಮಾಡುತ್ತಿದ್ದದ್ದು ಹಾಗೆಯೇ. ಫಿನೇಯಾಸಿಯ ಗುರಿ ತಪ್ಪಿದ್ದೇ ಇಲ್ಲ. ಚಳಿಗಾಲದಲ್ಲಿ ತಿಮಿಂಗಿಲಗಳು ಹೆರಲು ಕೊಲ್ಲಿಗೆ ಬಂದವೆಂದರೆ ಊರಿನ ಒಲೆಗಳೆಲ್ಲ ಹೊತ್ತಿಕೊಳ್ಳುತ್ತಿದ್ದವು. ಮಾಂಸ, ಕೆಸುವಿನ ಗಡ್ಡೆ, ತೆಂಗಿನ ಹಾಲು. ಮಕ್ಕಳ ಗಲ್ಲ ಜಿಡ್ಡಿನಿಂದ ಹೊಳೆಯುತ್ತಿತ್ತು.

ವರ್ಷದಿಂದ ವರ್ಷಕ್ಕೆ ಬರುವವು ಕಡಿಮೆಯಾದವು. ದಕ್ಷಿಣದ ಹಿಮದ ನೀರಿನಲ್ಲಿ ಪರದೇಶದ ಕಬ್ಬಿಣದ ಹಡಗುಗಳು ಹಿಂಡುಗಟ್ಟಲೆ ಕೊಂದಿದ್ದವಂತೆ. ಉಳಿದ ಒಂದೆರಡನ್ನು ಇವರು ಹೊಡೆದರು. ಕೊನೆಗೆ ಟೋಂಗಾದ ದೊರೆ ಬೇಟೆಯನ್ನೇ ನಿಷೇಧಿಸಿದ. ಫಿನೇಯಾಸಿ ಗೆಣಸು ನೆಟ್ಟುಕೊಂಡ. ಆದರೆ ಚಳಿಗಾಲ ಬಂತೆಂದರೆ ಬೆಳಗಾಗುತ್ತಲೇ ದಂಡೆಗೆ ಹೋಗಿ ಕೂತುಬಿಡುತ್ತಿದ್ದ. ತಿಮಿಂಗಿಲ ನೀರಿನ ಮೇಲೆದ್ದು ಉಸಿರು ಬಿಡುವ ಸದ್ದು ಒಂದು ಸಲ ಕೇಳಿದ್ದರೆ ಸಾಕಿತ್ತು, ಸದ್ಯ, ಅವುಗಳನ್ನು ಪೂರ್ತಿ ಮುಗಿಸಿಬಿಡಲಿಲ್ಲವಲ್ಲ ಎಂದು ಅವನ ಜೀವ ತಣ್ಣಗಾಗುತ್ತಿತ್ತು.

"ಏನಜ್ಜ, ಇವತ್ತಾದ್ರೂ ಬರ್ತಾಳಾ ನಿನ್ನ ಎರಡನೇ ಹೆಂಡ್ತಿ?" ಎಂದು ಬಲೆ ಎಳೆಯುವ ಹುಡುಗರು ಕೆಣಕುತ್ತಿದ್ದರು.

"ನಿಂಗಿನ್ನೂ ಮೊದಲ್ನೇದೇ ಸಿಕ್ಕಿಲ್ಲ, ಸುಮ್ನಿರೋ."

ತಲೆ ಪೂರ್ತಿ ನರೆಯಿತು. ಕೊಲ್ಲಿ ಖಾಲಿಯೇ ಇತ್ತು. ಉತ್ತರದ ದ್ವೀಪಗಳಿಗೆ ತಿಮಿಂಗಿಲಗಳು ಮರಳಿವೆಯೆಂದು ಸುದ್ದಿ ಬಂದಾಗ ಅಳಿಯ ಕಾಲೆಪಿ ಅವನನ್ನು ದೋಣಿಯಲ್ಲಿ ಕರೆದುಕೊಂಡು ಹೋದ. ಅಲ್ಲಿ ನಿಜಕ್ಕೂ ಒಂದು ತಾಯಿ, ಮಗ್ಗುಲಲ್ಲಿ ಮರಿ. ಮರಿ ಆಡುತ್ತಾ ದೋಣಿಯ ಅಂಚಿಗೇ ಬಂತು. ಫಿನೇಯಾಸಿಯ ಬಲಗೈ ತಾನಾಗಿ ಭುಜದ ಮೇಲಕ್ಕೆದ್ದಿತು. ಎಡಗೈಯಿಂದ ಅದನ್ನು ಹಿಡಿದು ಇಳಿಸಿಕೊಂಡ.

"ನಮ್ಮ ಕೊಲ್ಲೀನೂ ಇಷ್ಟೇ ಚೆನ್ನಾಗಿದೆ. ಅಲ್ಲಿಗ್ಯಾಕೆ ಬರಲ್ವೋ ಇವು?"

"ತಾಯಿ ತೋರಿಸಿದ ನೀರಿಗೇ ಮಗಳು ಹೆರೋಕೆ ಬರೋದಂತೆ ಮಾವ," ಎಂದ ಕಾಲೆಪಿ, ಹಗ್ಗ ಸುತ್ತುತ್ತಾ.

ಮನೆಗೆ ಬಂದ ಮೇಲೆ ಮುದುಕ ಹೆಂಡತಿ ಲಾಟೈಗೆ ಹೇಳಿದ: "ನಮ್ಮ ಕೊಲ್ಲೀಲಿ ಹುಟ್ಟಿದ್ದನ್ನ ಒಂದನ್ನೂ ದೊಡ್ಡದಾಗೋಕೆ ಬಿಡಲಿಲ್ಲ ಕಣೆ ನಾನು. ದಾರಿ ಗೊತ್ತಿರೋದು ಯಾವುದಿದೆ ಇನ್ನು?"

"ನಮ್ಮ ಮಕ್ಕಳು ಅದನ್ನ ತಿಂದೇ ಬೆಳೆದ್ವು," ಎಂದಳು ಲಾಟೈ. "ಆ ಹಸಿವೇನು ಸುಳ್ಳಾ?"

"ಸುಳ್ಳಲ್ಲ."

ಮಾರನೆಯ ಬೆಳಿಗ್ಗೆ ಅವನು ದಂಡೆಗೆ ಹೋಗಲಿಲ್ಲ. ಮನಸ್ಸು ತಡೆಯದೆ ಲಾಟೈ ತಾನೇ ಹೋಗಿ, ಆ ಉಸಿರಿನ ಸದ್ದಿಗೆ ಕಿವಿಗೊಟ್ಟು ಒಂದಷ್ಟು ಹೊತ್ತು ನಿಂತು ಬಂದಳು. ಇಬ್ಬರೂ ಗಡ್ಡೆ ಸುಲಿಯುತ್ತಾ ಕೂತರು.