ಮೂರು ಹಸಿರು ಗುರುತು

ಕೈಬೀಸಿಕೊಂಡು ವಾರ್ಡಿನಿಂದ ವಾರ್ಡಿಗೆ ಅಲೆಯುತ್ತ, ಸಿಕ್ಕವರ ಹತ್ತಿರವೆಲ್ಲ ಹರಟುತ್ತಿದ್ದ ಆ ಹೆಂಗಸನ್ನು ಕಂಡು, ಯಾರೋ ರೋಗಿಯ ನೆಂಟಳಿರಬೇಕು, ಪಾಪ, ಮನೆಯಲ್ಲಿ ಹೊತ್ತು ಹೋಗುವುದಿಲ್ಲ ಎಂದು ಇದನ್ನು ಬರೆಯುವವನು ಒಂದು ವಾರ ಮರುಕಪಟ್ಟಿದ್ದುಂಟು. ಆಮೇಲೆ ತಿಳಿಯಿತು, ಆಸ್ಪತ್ರೆಯ ಔಷಧದ ಕೋಣೆ ಇಡಿಯಾಗಿ ಅವಳ ಕೈಯಲ್ಲಿತ್ತು. ಎಲ್ಲರೂ ಕರೆಯುತ್ತಿದ್ದದ್ದು ಮಾತ್ರೆ ಅಕ್ಕ ಎಂದು.

ಅಲೆದಾಟಕ್ಕೆ ಕಾರಣ ಡಾಕ್ಟರುಗಳ ಅಕ್ಷರ. ಇರುವೆ ಶಾಯಿಗೆ ಬಿದ್ದೆದ್ದು ನಡೆದಂತಿದ್ದ ಚೀಟಿ ಹಿಡಿದು "ಇದೇನು ಸಾರ್?" ಎಂದು ಕೇಳಲು ಹೋದರೆ, ಮೂಲೆಯ ಮಂಚದ ಅಜ್ಜ ಮಾತ್ರೆಯನ್ನು ದಿಂಬಿನಡಿ ಬಚ್ಚಿಡುತ್ತಾನೆ ಎಂಬಂಥ ಸುದ್ದಿಯೂ ಪುಕ್ಕಟೆ ಸಿಗುತ್ತಿತ್ತು.

ಕಂಪ್ಯೂಟರ್ ಬಂತು, ಚೀಟಿ ಹೋಯಿತು. ಇನ್ನು ತಪ್ಪೆಂಬುದೇ ಇಲ್ಲ ಎಂದು ಆಡಳಿತಾಧಿಕಾರಿಗಳು ಮುಕ್ಕಾಲು ಗಂಟೆ ಭಾಷಣ ಮಾಡಿ, ಹಣೆಯ ಮೇಲಿದ್ದ ಕನ್ನಡಕವನ್ನು ಹುಡುಕುತ್ತ ವೇದಿಕೆ ಇಳಿದರು.

ಅಕ್ಕನ ಕೋಣೆ ಕೆರೆಯ ತಳದಂತಾಯಿತು. ನೀಲಿ ಬೆಳಕು, ಎಸಿಯ ಗುಂಯ್ ಸದ್ದು, ಪರದೆಯ ಮೇಲೆ ಮೀನುಗಳಂತೆ ತೇಲಿ ಬರುವ ಔಷಧಗಳ ಹೆಸರು. ಮುತ್ತು ಪೋಣಿಸಿದಂಥ ಅಕ್ಷರ. ಯಾರ ದನಿಯೂ ಇಲ್ಲ. ನೋಡಿದೆ ಎನ್ನಲು ಒಂದು ಹಸಿರು ಗುರುತು ಒತ್ತಿದರೆ ಮುಗಿಯಿತು. ಕಣ್ಣು ಬಿಟ್ಟುಕೊಂಡೇ ಅವಳು ಕನಸಿಗೆ ಜಾರುತ್ತಿದ್ದಳು.

ಒಂದು ಮಧ್ಯಾಹ್ನ ಏಳನೇ ಮಂಚದ ಅಜ್ಜಿಯ ಹೆಸರು ತೇಲಿ ಬಂತು. ಸಕ್ಕರೆ ಕಾಯಿಲೆ, ಎಂದಿನಷ್ಟೇ ಇನ್ಸುಲಿನ್. ಕೆಳಗೆ ನರ್ಸ್ ಬರೆದಿದ್ದಳು: 'ಬೆಳಿಗ್ಗೆಯಿಂದ ಏನೂ ತಿಂದಿಲ್ಲ.' ಅವಳದೊಂದು ಗುರುತು, ಡಾಕ್ಟರದೊಂದು. ಅಕ್ಕ ತನ್ನದನ್ನೂ ಒತ್ತಿ ಔಷಧ ಕಳಿಸಿದಳು. ಮೂರೂ ಎಳೆಯ ಎಲೆಗಳ ಹಾಗೆ ಮಿನುಗಿದವು. ನೋಡಲು ಚೆಂದವಿತ್ತು.

ಮರುಗಳಿಗೆ ನರ್ಸ್ ಬರೆದ ಸಾಲನ್ನು ಮತ್ತೆ ಓದಿದಳು. ಉಣ್ಣದವರಿಗೆ ಅಷ್ಟು ಇನ್ಸುಲಿನ್ ಕೊಟ್ಟರೆ ಸಕ್ಕರೆ ಪಾತಾಳಕ್ಕಿಳಿದು ಜೀವಕ್ಕೇ ಕುತ್ತು. ವಾರ್ಡಿನ ಫೋನನ್ನು ಯಾರೂ ಎತ್ತಲಿಲ್ಲ. ಮೇಲಿನ ಮಹಡಿಯ ವಾರ್ಡಿಗೆ ತಾನೇ ಹೊರಟೇಬಿಟ್ಟಳು.

ನರ್ಸ್ ಸೂಜಿ ಹಿಡಿದು ನಿಂತಿದ್ದಳು.

"ತಡಿಯೇ ತಾಯಿ! ಅಜ್ಜಿ ಉಂಡ್ರಾ?"

"ಇಲ್ಲಕ್ಕ. ಆದ್ರೆ ಡಾಕ್ಟರ್ ನೋಡಿದ್ದಾರಲ್ಲ, ನೀವೂ ನೋಡಿದ್ದೀರಿ."

ಅಷ್ಟರಲ್ಲಿ ಬಂದ ಡಾಕ್ಟರು ತಲೆ ಕೆರೆದುಕೊಂಡರು. "ನೀವಿಬ್ರೂ ಮಾತಾಡ್ಕೊಂಡಿರ್ತೀರಿ ಅಂದ್ಕೊಂಡೆ."

"ಚೆನ್ನಾಯ್ತು! ಮೂರು ಜನ ನೋಡಿದ್ದೀವಿ, ಬಾಯಿ ಬಿಟ್ಟೋರು ಒಬ್ಬರಿಲ್ಲ."

"ನನ್ನನ್ನೂ ಒಂದು ಮಾತು ಕೇಳ್ರಮ್ಮ," ಎಂದರು ಮಂಚದ ಮೇಲಿಂದ ಅಜ್ಜಿ.

ಸೂಜಿ ತಟ್ಟೆಗೆ ಮರಳಿತು.

ಮರುದಿನ ಆಡಳಿತಾಧಿಕಾರಿಗಳು ಅಕ್ಕನನ್ನು ಕರೆಸಿದರು. ಮುಖ ಅರಳಿತ್ತು.

"ನೋಡಿದ್ರಾ ನಮ್ಮ ಕಂಪ್ಯೂಟರ್ ಮಹಿಮೆ! ಯಾವ ಬಟನ್ ಒತ್ತಿ ತಪ್ಪು ತಡೆದ್ರಿ, ಹೇಳಿ. ಎಲ್ಲರಿಗೂ ಕಲಿಸೋಣ."

"ಲಿಫ್ಟಿಂದು," ಎಂದಳು ಅಕ್ಕ.