ಅವರು ಆ ದಿನ ಬಂದ ದಾರಿ

ಇಂಥ ಕಥೆಗಳನ್ನು ಯಾರಾದರೂ ಶುರುಮಾಡಿದರೆ, ಒಲೆಯ ಮೇಲೆ ಅನ್ನ ಉಂಟು ಎಂದು ಎದ್ದು ಹೋಗುವವಳು ನಾನು. ಸತ್ತವರು ಕಾಣಿಸಿದರಂತೆ, ಮಾತಾಡಿದರಂತೆ, ಇದೆಲ್ಲ ಪುರುಸೊತ್ತು ಇದ್ದವರ ಮಾತು ಎಂದುಕೊಂಡಿದ್ದೆ. ಈಗ ನಂಬುತ್ತೇನೆ ಎಂದೂ ಹೇಳಲಾರೆ. ನಡೆದದ್ದನ್ನು ನಡೆದಂತೆ ಬರೆಯುತ್ತೇನೆ, ನೀವೇ ನೋಡಿ.

ನಮ್ಮೂರು ಕಾಪು. ನನ್ನ ಗಂಡ ಪಂಪು ರಿಪೇರಿ ಮಾಡುತ್ತಿದ್ದರು. ಹಳೆಯ ವ್ಯಾನಿನಲ್ಲಿ ಕಾರ್ಕಳ, ಹಿರಿಯಡ್ಕ, ಮೂಲ್ಕಿ ಎಂದು ದಿನವೂ ತಿರುಗಾಟ. ಹೆದ್ದಾರಿ ಎಂದರೆ ಅವರಿಗಾಗದು. ಲಾರಿಗಳ ಹಿಂದೆ ತೆವಳುವುದು, ಟೋಲ್ ಗೇಟಿನ ಮುಂದೆ ಸಾಲು ನಿಲ್ಲುವುದು, ಅದಕ್ಕೆ ದುಡ್ಡು ಬೇರೆ ಕೊಡುವುದು, ಇದಕ್ಕಿಂತ ಒಳದಾರಿಯೇ ಸುಖ ಎಂಬುದು ಅವರ ವಾದ. ಮೂಲ್ಕಿಯಿಂದ ಬರುವಾಗಲೂ ಕಿನ್ನಿಗೋಳಿ, ಬೆಳ್ಮಣ್, ಶಿರ್ವ ಎಂದು ಊರೆಲ್ಲ ಸುತ್ತಿ ಮನೆ ಮುಟ್ಟುತ್ತಿದ್ದರು. ಟೋಲಿನಲ್ಲಿ ಉಳಿದದ್ದು ಡೀಸೆಲಿಗೆ ಹೋಯಿತಲ್ಲ ಎಂದು ನಾನು ಕಿಚಾಯಿಸಿದರೆ, "ಆ ದಾರಿಯ ಬಾವಿ ಬಾವಿಯಲ್ಲೂ ನಾನು ಇಳಿಸಿದ ಪಂಪು ಉಂಟು ಮಾರಾಯ್ತಿ. ನನಗದು ನಮ್ಮ ಅಂಗಳದ ಹಾಗೆ" ಎನ್ನುತ್ತಿದ್ದರು.

ಮೂರು ವರ್ಷದ ಹಿಂದಿನ ಮಾತು. ನನ್ನ ಕುತ್ತಿಗೆಯಲ್ಲಿ ಒಂದು ಗಂಟು ಎದ್ದಿತ್ತು. ಮಣಿಪಾಲಕ್ಕೆ ಹೋಗಿ ಅದರ ರಿಪೋರ್ಟು ತೆಗೆದುಕೊಂಡು ಡಾಕ್ಟರನ್ನು ಕಾಣಬೇಕಿತ್ತು. ಐದು ಗಂಟೆಗೆ ಡಾಕ್ಟರು ಹೊರಟುಬಿಡುತ್ತಾರೆ. ಮಧ್ಯಾಹ್ನ ಮೂರು ಗಂಟೆಗೆ ಗಂಡನಿಗೆ ಫೋನ್ ಮಾಡಿದೆ. ಮೂಲ್ಕಿಯಲ್ಲಿದ್ದರು. "ಇವತ್ತೊಂದು ದಿನ ಆ ನಿಮ್ಮ ಒಳದಾರಿ ಬಿಡಿ. ಟೋಲ್ ಕೊಟ್ಟರೆ ಎಂತ ಆಗ್ತದೆ? ಹೈವೇಯಲ್ಲೇ ಬನ್ನಿ" ಎಂದು ಗದರಿಸಿದೆ. ಹೆದರಿದ್ದೆ ನಾನು, ಅದಕ್ಕೇ ಗದರಿಸಿದ್ದು. ಅದೇ ಮಧ್ಯಾಹ್ನ ಕುಕ್ಕರಿನ ಗ್ಯಾಸ್ಕೆಟ್ ತುಂಡಾಗಿತ್ತು, ಅದನ್ನೂ ತನ್ನಿ ಎಂದೆ. "ಆಯ್ತು" ಎಂದು ಫೋನ್ ಇಟ್ಟರು.

ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ, ಉಚ್ಚಿಲದ ಹತ್ತಿರ ಹೆದ್ದಾರಿಯಲ್ಲಿ ಲಾರಿಯೊಂದು ಅವರ ವ್ಯಾನಿಗೆ ಬಡಿಯಿತು. ನಾಲ್ಕು ಗಂಟೆಗೆ ಅವರದೇ ಫೋನಿನಿಂದ ಯಾರೋ ನನಗೆ ಕರೆ ಮಾಡಿದರು. ಅಷ್ಟರಲ್ಲಿ ಜೀವ ಹೋಗಿತ್ತು. ನನ್ನ ರಿಪೋರ್ಟನ್ನು ಮಗಳು ನಾಲ್ಕು ದಿನ ಬಿಟ್ಟು ತಂದಳು. ಗಂಟಿನಲ್ಲಿ ಹೆದರುವಂಥದ್ದು ಏನೂ ಇರಲಿಲ್ಲ.

ನನಗೆ ಅಳು ಬರಲಿಲ್ಲ. ಬಂದವರೆಲ್ಲ ಗಟ್ಟಿಗಿತ್ತಿ ಎಂದರು. ಗಟ್ಟಿಯೂ ಇಲ್ಲ, ಮಣ್ಣೂ ಇಲ್ಲ. ಕಾಲು ಜೋಮು ಹಿಡಿಯುತ್ತದಲ್ಲ, ಇಡೀ ಮೈ ಹಾಗಾಗಿತ್ತು. ಹೈವೇಯಲ್ಲಿ ಬನ್ನಿ ಎಂದವಳು ನಾನು ಎಂಬುದೊಂದೇ ತಲೆಯಲ್ಲಿ. ಅದನ್ನು ಮಗಳಿಗೂ ಹೇಳಲಿಲ್ಲ.

ಒಂದೂವರೆ ತಿಂಗಳು ಕಳೆದ ಮೇಲೆ, ಕಾರ್ಕಳದ ಮನೆಯೊಂದರಲ್ಲಿ ಉಳಿದಿದ್ದ ಅವರ ಸಲಕರಣೆ ತರಲು ಸ್ಕೂಟರಿನಲ್ಲಿ ಹೊರಟೆ. ಹೆದ್ದಾರಿಗೆ ಇಳಿಯಲು ಮನಸ್ಸಾಗಲಿಲ್ಲ, ಒಳದಾರಿ ಹಿಡಿದೆ. ಶಿರ್ವ ದಾಟಿದ ಮೇಲೆ ರಸ್ತೆ ಕವಲೊಡೆಯುವಲ್ಲಿ ಒಂದು ಗೂಡಂಗಡಿ. ಬೆಳ್ಮಣ್ ಕಡೆಯಿಂದ ಬಂದವರು ಅಲ್ಲಿ ಬಲಕ್ಕೆ ತಿರುಗಿದರೆ ಶಿರ್ವ, ಎಡಕ್ಕೆ ಇಳಿದರೆ ಹೆದ್ದಾರಿ. ಗಂಡ ಸೋಡಾ ಕುಡಿಯುತ್ತಿದ್ದ ಅಂಗಡಿ ಅದು, ಒಂದೆರಡು ಸಲ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಅಂಗಡಿಯ ಮುದುಕರು ನನ್ನನ್ನು ಕಂಡು ಕೈ ಅಡ್ಡ ಹಿಡಿದರು.

"ನೀವು ಪಂಪಿನವರ ಹೆಂಡತಿ ಅಲ್ವಾ ಅಮ್ಮ? ಪೇಪರಿನಲ್ಲಿ ನೋಡಿದೆ. ಮನೆ ಎಲ್ಲಿ ಅಂತ ಗೊತ್ತಿರಲಿಲ್ಲ. ಅವರದ್ದೊಂದು ಸಾಮಾನು ಇಲ್ಲಿ ಉಂಟು."

ಡಬ್ಬಿಗಳ ಹಿಂದಿನಿಂದ ಕಾಗದದ ಪೊಟ್ಟಣ ತೆಗೆದುಕೊಟ್ಟರು. ಒಳಗೆ ಕುಕ್ಕರಿನ ಗ್ಯಾಸ್ಕೆಟ್ ಇತ್ತು. ಯಾವಾಗ ಬಿಟ್ಟುಹೋದರು ಎಂದು ಕೇಳಿದೆ.

"ಅದೇ ದಿನ. ನಾಲ್ಕು ಗಂಟೆಗೆ, ಶಾಲೆಯ ಬಸ್ಸಿನಿಂದ ಮಕ್ಕಳು ಇಳಿಯುವ ಹೊತ್ತು. ಸೋಡಾ ಕುಡಿದರು. ಹೆಂಡತಿ ಹೈವೇಯಲ್ಲಿ ಬರ್ಲಿಕ್ಕೆ ಹೇಳಿದ್ದಾಳೆ, ನಾನು ಈಚೆಯಿಂದ ಬಂದೆ, ಇವತ್ತು ಬೈಗುಳ ಉಂಟು ಅಂತ ನಗಾಡಿದರು. ಹೋಗುವಾಗ ಇದನ್ನು ಮರೆತರು."

ಆ ಅಂಗಡಿಯಿಂದ ಉಚ್ಚಿಲಕ್ಕೆ ಅರ್ಧ ಗಂಟೆ ಬೇಕು. ಪೊಟ್ಟಣವನ್ನು ಸ್ಕೂಟರಿನ ಡಿಕ್ಕಿಯಲ್ಲಿಟ್ಟೆ. ಕಾರ್ಕಳಕ್ಕೆ ಹೋದೆ, ಸಲಕರಣೆ ತಂದೆ. ಸಂಜೆ ಗ್ಯಾಸ್ಕೆಟನ್ನು ಕುಕ್ಕರಿನ ಮುಚ್ಚಳಕ್ಕೆ ಹಾಕಿ ನೋಡಿದೆ, ಸರಿಯಾಗಿ ಕೂತಿತು. ಅಡುಗೆಮನೆಯ ನೆಲದಲ್ಲಿ ಕೂತು ಅವತ್ತೇ ಮೊದಲ ಸಲ ಅತ್ತುಬಿಟ್ಟೆ.

ಮಗಳಿಗೆ ಎಲ್ಲ ಹೇಳಿದೆ. ಅವಳು ಲೆಕ್ಕಾಚಾರದವಳು. "ಮುದುಕರಿಗೆ ಹೊತ್ತು ತಪ್ಪಿದೆ ಅಮ್ಮ. ಪಪ್ಪ ಅಲ್ಲಿಗೆ ಬೇಗ ಬಂದಿರಬೇಕು. ಆಮೇಲೆ ನಿನ್ನ ಮಾತು ನೆನಪಾಗಿ ಕೆಳಗೆ ಹೈವೇಗೆ ಇಳಿದಿರಬೇಕು" ಎಂದಳು. ಮೂರು ಗಂಟೆಗೆ ಮೂಲ್ಕಿಯಲ್ಲಿದ್ದವರು ಗ್ಯಾಸ್ಕೆಟ್ ಕೊಂಡು, ಊರು ಸುತ್ತಿ ಆ ಅಂಗಡಿಗೆ ಬಂದು, ಸೋಡಾ ಕುಡಿದು, ನಾಲ್ಕರೊಳಗೆ ಉಚ್ಚಿಲ ಮುಟ್ಟುವುದು ಹೇಗೆ? ಅವರು ನನ್ನ ಮಾತು ಕೇಳಿದರೋ ಇಲ್ಲವೋ, ಅಷ್ಟು ತಿಳಿದರೆ ಸಾಕಿತ್ತು ನನಗೆ.

ಈಗಲೂ ಆ ದಾರಿಯಲ್ಲಿ ಹೋಗುತ್ತೇನೆ. ಅಂಗಡಿಯಲ್ಲಿ ಕೂತು ಸೋಡಾ ಕುಡಿಯುತ್ತೇನೆ, ಮುದುಕರು ಅದು ಇದು ಮಾತಾಡುತ್ತಾರೆ. ಆ ದಿನ ಹೊರಟವರು ಶಿರ್ವದ ಕಡೆಗೆ ತಿರುಗಿದರೋ ಹೆದ್ದಾರಿಗೆ ಇಳಿದರೋ ಎಂದು ಮಾತ್ರ ಕೇಳಿಲ್ಲ. ಕೇಳಿದರೆ ಮುದುಕರು ಒಂದು ಕಡೆಗೆ ಕೈ ತೋರಿಸಿಬಿಡುತ್ತಾರೆ.